ಗೋಡೆಗೆ ಅಂಟಿದ ಮೂಲಪುರುಷ

ಮೈದಾಹಿಟ್ಟಿನ ಅಂಟು ಅಷ್ಟೊಂದು ಗಟ್ಟಿ ಅನ್ನುವುದು ಸೀತಾರಾಮನಿಗೆ ಮೊದಲೇ ತಿಳಿದಿದ್ದರೆ ಆ ಶನಿವಾರ ಸುಖವಾಗಿ ಕಳೆದುಹೋಗುತ್ತಿತ್ತು. ಆತ ಹಿಮಾಯತ್‌ನಗರದ ಒಂದು ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರದ ಲೆಕ್ಚರರ್. ಕಾಲೇಜಿನ ವಿಕಾಸವಾದದ ಚಾರ್ಟು ಹರಿದು ಜೋತಾಡುತ್ತಿತ್ತು. ಹೊಸದು ತರಿಸಿಕೊಡಿ ಅಂದರೆ ಪ್ರಿನ್ಸಿಪಾಲರು, ಇದ್ದ ದುಡ್ಡೆಲ್ಲ ಕಂಪ್ಯೂಟರ್ ಲ್ಯಾಬಿಗೆ ಹೋಯಿತು ಎಂದು ಕೈ ಅಲ್ಲಾಡಿಸಿದರು. ಸರಿ, ನಾನೇ ರಿಪೇರಿ ಮಾಡುತ್ತೇನೆ ಎಂದು ಶುಕ್ರವಾರ ಸಂಜೆ ಅದನ್ನು ಸುರುಳಿ ಸುತ್ತಿಕೊಂಡು ಮಲ್ಕಾಜ್‌ಗಿರಿಯ ತನ್ನ ಬಾಡಿಗೆ ಮನೆಗೆ ತಂದ. ಅಂಟು ಕುದಿಸಿ, ಚಾರ್ಟಿನ ಬೆನ್ನಿಗೆ ಹಳೆಯ ಧೋತರದ ತುಂಡು ಹಚ್ಚಿ, ಸುಕ್ಕಿಲ್ಲದೆ ಒಣಗಲಿ ಎಂದು ಹಾಲ್‌ನ ಗೋಡೆಗೆ ಒತ್ತಿ, ಅಂಗೈಯಿಂದ ಚೆನ್ನಾಗಿ ನೀವಿ ಮಲಗಿದ.

ಬೆಳಿಗ್ಗೆ ನೋಡಿದರೆ ಅಂಟು ಧೋತರವನ್ನು ದಾಟಿ ಗೋಡೆಯನ್ನೂ ಹಿಡಿದಿತ್ತು. ಎಡತುದಿಯಲ್ಲಿ ನಾಲ್ಕು ಕಾಲೂರಿದ ವಾನರ, ನಡುವೆ ಒಬ್ಬನಿಗಿಂತ ಒಬ್ಬ ಸ್ವಲ್ಪ ಸ್ವಲ್ಪ ಬೆನ್ನೆತ್ತಿಕೊಂಡ ಮೂವರು, ಬಲತುದಿಯಲ್ಲಿ ಈಟಿ ಹಿಡಿದು ನೆಟ್ಟಗೆ ನಿಂತ ಬತ್ತಲೆ ಮನುಷ್ಯ. ಐವರೂ ಆ ಮನೆಯನ್ನು ಕೊಂಡುಕೊಂಡವರ ಹಾಗೆ ನಿಂತಿದ್ದರು. ಮೂಲೆ ಹಿಡಿದು ಎಳೆದರೆ ಗೋಡೆಯ ಸುಣ್ಣ ಕಳಚಿತು, ಚಾರ್ಟು ಮಾತ್ರ ಅಲ್ಲಾಡಲಿಲ್ಲ.

ಬೇರೆ ದಿನವಾಗಿದ್ದರೆ ಸೀತಾರಾಮ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಆ ದಿನ ಹನ್ನೊಂದು ಗಂಟೆಗೆ ಹುಡುಗಿಯ ಕಡೆಯವರು ವರನ ಮನೆ ನೋಡಲು ಬರುವವರಿದ್ದರು.

ಅದು ಹೈದರಾಬಾದಿನಲ್ಲಿ ಹೆಣ್ಣು ಹೆತ್ತವರೆಲ್ಲ ಸಾಫ್ಟ್‌ವೇರ್ ಅಳಿಯನನ್ನೇ ಹುಡುಕುತ್ತಿದ್ದ ಕಾಲ. ಅಮೀರ್‌ಪೇಟೆಯಲ್ಲಿ ಏನೋ ಒಂದು ಕೋರ್ಸಿಗೆ ಹೆಸರು ಹಚ್ಚಿದ ಹುಡುಗನ ಮನೆಗೂ ಜಾತಕಗಳು ತಾವಾಗಿ ನಡೆದು ಬರುತ್ತಿದ್ದವು. ಕಪ್ಪೆ ಕೊಯ್ಯುವುದನ್ನು ಕಲಿಸುವ ಸೀತಾರಾಮನ ಕಡೆ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ನೋಡಿದ ಇಬ್ಬರಲ್ಲಿ ಒಬ್ಬರು, "ಕಂಪ್ಯೂಟರ್ ಅಲ್ಲೇನ್ರಿ?" ಎಂದು ಚಹಾ ಕುಡಿಯದೇ ಎದ್ದು ಹೋದರು. ಇನ್ನೊಬ್ಬರು ಚಹಾ ಕುಡಿದು, "ಮನುಷ್ಯಾ ಮಂಗ್ಯಾನಿಂದ ಬಂದ ಅಂತ ಕಲಸಾವಗ ನಾವು ಹೆಣ್ಣು ಕೊಡೂದಿಲ್ರಿ" ಎಂದು ಹೋದರು. ಸೀತಾರಾಮನಿಗೆ ಅವರು ಹೋದದ್ದಕ್ಕಿಂತ ಆ ಮಾತೇ ಹೆಚ್ಚು ನೋವು ಮಾಡಿತು. ಯಾಕೆಂದರೆ ಮನುಷ್ಯ ಮಂಗನಿಂದ ಬಂದ ಎಂದು ಆತ ಯಾವತ್ತೂ ಕಲಿಸಿದವನಲ್ಲ. ಈ ಚಾರ್ಟೇ ಮೋಸದ್ದು, ವಿಕಾಸ ಅನ್ನುವುದು ರೇಷನ್ ಅಂಗಡಿಯ ಸಾಲಲ್ಲ, ಕೊಂಬೆ ಒಡೆಯುವ ಮರ ಎಂದು ಪ್ರತಿ ವರ್ಷ ಗಂಟಲು ಹರಿದುಕೊಳ್ಳುವವನು.

ಈ ಸಲದ ಹುಡುಗಿ ಸ್ನೇಹಲತಾ. ಮಾಧಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ; ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ. ಪಕ್ಕದ ಮನೆಯ ಅಂಬಾದಾಸ ತನ್ನ ಮಗಳ ಹುಟ್ಟುಹಬ್ಬಕ್ಕೆ ಇಬ್ಬರನ್ನೂ ಕರೆದಿದ್ದ. ಎಲ್ಲರೂ ಸೀತಾರಾಮನ ಸಂಬಳ, ಸ್ವಂತ ಮನೆ ಇದೆಯೋ ಇಲ್ಲವೋ ಕೇಳಿದರೆ ಆಕೆ, "ನಿಮ್ಮ ಕೆಲಸ ನಿಮಗ ಸೇರ್ತೈತೇನ್ರಿ?" ಎಂದು ಕೇಳಿದಳು. ಈ ಪ್ರಶ್ನೆಯನ್ನು ಆತನಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಅವತ್ತಿನಿಂದ ಅವನಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಆಕೆ ಬೇಕಿತ್ತು, ಅಷ್ಟೇ.

ತೊಡಕಿದ್ದದ್ದು ಆಕೆಯ ತಂದೆ ಹಣಮಂತರಾಯರಲ್ಲಿ. ರಿಟೈರಾದ ರೈಲ್ವೆ ಗಾರ್ಡು, ಮಲ್ಕಾಜ್‌ಗಿರಿಯ ಮಾರುತಿ ಭಜನಾ ಮಂಡಳಿಯ ಮುಖ್ಯಸ್ಥರು. ಕಾಂಪೌಂಡಿನ ಮೇಲೆ ಮಂಗ ಕಂಡರೂ ಚಪ್ಪಲಿ ಬಿಟ್ಟು ಕೈಮುಗಿಯುವ ಮನುಷ್ಯ. ಅಂಬಾದಾಸ ಅವರ ಮುಂದೆ, ಹುಡುಗ 'ಬಯೋ-ಇನ್ಫರ್ಮ್ಯಾಟಿಕ್ಸ್ ಲೈನಿನಾಗ ಅದಾನ' ಎಂದು ಹೇಳಿ ಬಂದಿದ್ದ. ಆ ಶಬ್ದವನ್ನು ಅವನು ಹಿಂದಿನ ದಿನವಷ್ಟೇ ಪೇಪರಿನಲ್ಲಿ ಓದಿದ್ದ.

ಬೆಳಿಗ್ಗೆ ಉಪ್ಪಿಟ್ಟಿನ ರವೆ ಹಿಡಿದುಕೊಂಡು ಒಳಗೆ ಬಂದ ಮನೆ ಮಾಲಕಿ ಸುಂದರಾಬಾಯಿ ಬಾಗಿಲಲ್ಲೇ ನಿಂತುಬಿಟ್ಟಳು. ಸೀತಾರಾಮನ ತಾಯಿಗೆ ಮೊಣಕಾಲು ನೋವು, ಸುರಪುರದಿಂದ ಬರಲಾಗಿರಲಿಲ್ಲ. ಹಾಗಾಗಿ ಹಿರಿಯಳ ಪಾತ್ರ ಈಕೆಯದೇ.

"ಅಯ್ಯ ನನ ಶಿವನ! ಗೋಡಿ ಮ್ಯಾಲ ಬತ್ತಲೆ ಗಂಡಸು ಯಾಂವ ಇಂವ?"

"ಮನುಷ್ಯಾರಿ ಬಾಯಾರ. ಆಧುನಿಕ ಮನುಷ್ಯಾ."

"ಆಧುನಿಕ ಇದ್ರ ಅರಿವಿ ಯಾಕ ಹಾಕ್ಕೊಂಡಿಲ್ಲ? ತಗೀರಿ ಮೊದಲ!"

"ಬರವಲ್ಲದ್ರಿ."

ಸುಂದರಾಬಾಯಿ ಪಕ್ಕದ ಮನೆಯ ಕಡೆ ಮುಖ ಮಾಡಿ, "ಅಂಬಾದಾಸಾ! ಜಲ್ದಿ ಬಾರೋ, ಲಗ್ನ ಮುರಿಯಾಕತ್ತೈತಿ!" ಎಂದು ಕೂಗಿದಳು. ಓಣಿಯ ಆ ತುದಿಗೆ ನಿಂತಿದ್ದ ಆಟೋದವನೂ ಹೊರಳಿ ನೋಡಿದ.

ಅಂಬಾದಾಸ ಅರ್ಧ ಗಡ್ಡ ಹೆರೆದುಕೊಂಡವನು ಹಾಗೆಯೇ ಓಡಿ ಬಂದ. ಚಾರ್ಟನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದ. "ಫಿಕರ್ ಮಾಡಬ್ಯಾಡ್ರಿ ಸರ. ಬಿಸಿನೀರು ಹಾಕಿದ್ರ ಬಿಲ್ಕುಲ್ ಕಿತ್ತು ಬರ್ತೈತಿ" ಎಂದ. ಬಿಸಿನೀರು ಹಾಕಿದರು. ಎರಡನೆಯವನ ಒಂದು ಕಾಲು ಕಿತ್ತು ಬಂತು. ಮಿಕ್ಕವರೆಲ್ಲ ಸ್ನಾನ ಮಾಡಿದವರ ಹಾಗೆ ಹೊಳೆಯತೊಡಗಿದರು.

"ಚಾದರ ಕಟ್ಟೋಣ" ಎಂದ ಸೀತಾರಾಮ.

"ಏನು ಬ್ಯಾಡ. ಗೋಡಿಗೆ ಚಾದರ ಹೊಚ್ಚಿದ್ರ ಒಳಗ ಬಿರುಕು ಬಿಟ್ಟೈತಿ ಅಂತ ತಿಳಕೋತಾರ. ನನ್ನ ಮನಿ ಮರ್ಯಾದಿ ಏನಾಗಬೇಕು?" ಎಂದಳು ಸುಂದರಾಬಾಯಿ.

ಕೊನೆಗೆ ಅಲಮಾರಿಯನ್ನೇ ಅಡ್ಡ ತಂದು ನಿಲ್ಲಿಸುವುದೆಂದು ನಿಶ್ಚಯವಾಯಿತು. ಮೂವರೂ ಉಸಿರು ಬಿಗಿಹಿಡಿದು ಅದನ್ನು ನೂಕಿದರು. ಚಾರ್ಟು ಮರೆಯಾಯಿತು. ಜೊತೆಗೆ ಅಡಿಗೆಮನೆಯ ಬಾಗಿಲೂ ಮರೆಯಾಯಿತು. ಒಳಗೆ ಒಲೆಯ ಮೇಲೆ ಸುಂದರಾಬಾಯಿ ಇಟ್ಟ ಉಪ್ಪಿಟ್ಟಿನ ಒಗ್ಗರಣೆ ಸೀಯುವ ವಾಸನೆ ಬರತೊಡಗಿತು. "ಸರಸ್ರೋ, ಸರಸ್ರೋ!" ಎಂದು ಆಕೆ ಕೂಗಾಡಿದಳು. ಅಲಮಾರಿ ಮತ್ತೆ ತನ್ನ ಮೂಲೆಗೆ ಹೋಯಿತು. ಹೋಗುವಾಗ ಅಂಬಾದಾಸನ ಕಾಲ್ಬೆರಳ ಮೇಲೆ ಹತ್ತಿ ಇಳಿಯಿತು. ಅಂಬಾದಾಸ ಒಂದೇ ಕಾಲಿನ ಮೇಲೆ ಕುಣಿಯುತ್ತ ತೆಲುಗು, ಹಿಂದಿ, ಕನ್ನಡ ಮೂರರಲ್ಲೂ ಬೈದ.

ಆಗ ಸುಂದರಾಬಾಯಿಗೆ ಹೊಳೆಯಿತು. ಓಡಿ ಹೋಗಿ ತನ್ನ ದೇವರ ಮನೆಯಿಂದ ಗಾಜಿನ ಚೌಕಟ್ಟಿನ ದೊಡ್ಡ ಹಣಮಪ್ಪನ ಪಟ ತಂದಳು. ಬಗಲಲ್ಲಿ ಗದೆ, ಎದೆ ಸೆಟೆಸಿ ನಿಂತ ಹಣಮಪ್ಪ. ಚಾರ್ಟಿನ ತುಸು ಮೇಲೆ, ಗೋಡೆಯ ನಡುವಿದ್ದ ಮೊಳೆಗೆ ಅದನ್ನು ತೂಗುಹಾಕಿದರು. ನಡುವಿನ ಮೂವರು ಪೂರ್ತಿ ಮುಚ್ಚಿಹೋದರು. ಎಡಗಡೆಯ ವಾನರ, ಬಲಗಡೆಯ ಮನುಷ್ಯ ಮಾತ್ರ ಹೊರಗೆ ಉಳಿದರು. ಸುಂದರಾಬಾಯಿ ಚೆಂಡುಹೂವಿನ ಸರವನ್ನು ಪಟದಿಂದ ಬಲಕ್ಕೆ ಎಳೆದು ಆಧುನಿಕ ಮನುಷ್ಯನ ಸೊಂಟಕ್ಕೆ ಸರಿಯಾಗಿ ಇಳಿಬಿಟ್ಟಳು.

"ಈಗ ಮರ್ಯಾದಸ್ಥ ಕಾಣತಾನ ನೋಡ್ರಿ" ಎಂದಳು.

ಅಂಬಾದಾಸ ಸೀತಾರಾಮನ ತೋಳು ಹಿಡಿದು ಎಚ್ಚರಿಸಿದ. "ಸರ, ಒಂದ ಮಾತು. ಅವರು ಏನ ಅಂದ್ರೂ ಹೌದ್ರಿ ಅನ್ರಿ. ಕ್ಲಾಸು ತಗೋಬ್ಯಾಡ್ರಿ. ನಿಮಗ ಅಕಿ ಬೇಕೋ ಬ್ಯಾಡೋ?"

"ಬೇಕು" ಎಂದ ಸೀತಾರಾಮ. ಅವನ ಧ್ವನಿ ಕೇಳಿ ಅಂಬಾದಾಸನಿಗೂ ಕರುಳು ಚುರ್ ಎಂದಿತು.

ಹೊರಗೆ ಸ್ಕೂಟಿ ನಿಂತ ಸದ್ದಾಯಿತು. ನಡೆಸುತ್ತಿದ್ದವಳು ಸ್ನೇಹಲತಾ, ಹಿಂದೆ ಕೂತವರು ಹಣಮಂತರಾಯರು. ಸುಂದರಾಬಾಯಿ ಸೆರಗು ಸರಿಮಾಡಿಕೊಳ್ಳುತ್ತ, "ಮನಿ ನೋಡೂ ಶಾಸ್ತ್ರಕ್ಕ ಹುಡುಗಿನ ಬರೂದು ಎಲ್ಲ್ಯರ ಐತೇನು?" ಎಂದು ಗೊಣಗಿದಳು. ಅದು ಹುಡುಗಿಗೆ ಕೇಳಿಸಿತು.

"ಈ ಮನ್ಯಾಗ ಇರಾಕಿ ನಾನ ಅಲ್ಲೇನ್ರಿ ಅತ್ತಿ, ಅದಕ್ಕ ಬಂದೆ" ಎಂದು ಆಕೆ ನಕ್ಕಳು. ಸುಂದರಾಬಾಯಿ ಅಲ್ಲಿಯೇ ಕರಗಿದಳು.

ಹಣಮಂತರಾಯರು ಒಳಗೆ ಕಾಲಿಟ್ಟವರೇ ಗೋಡೆ ನೋಡಿದರು. ಕುರ್ಚಿ ತೋರಿಸಿದರೆ ಕೂರಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದೇನ್ರಿ ಇದು?"

"ಅದು ಹಳೇ ಬಾಡಿಗಿಯವ್ರು ಹಚ್ಚಿ ಹೋಗಿದ್ದರಿ..." ಎಂದು ಅಂಬಾದಾಸ ಶುರುಮಾಡಿದ.

"ಮೊದಲ ಮಂಗ್ಯಾ. ನಡುವ ಹಣಮಪ್ಪ. ಆಮ್ಯಾಲ ಮನುಷ್ಯಾ!" ರಾಯರ ಕಣ್ಣಲ್ಲಿ ನೀರು ಬಂದಿತ್ತು. "ಅಬಬಬಾ! ನಾವೆಲ್ಲಾ ಹಣಮಪ್ಪನ ವಂಶದವ್ರು ಅಂತ ಎಷ್ಟು ಚಂದ ತೋರಿಸೀರಿ! ಮಂಡಳ್ಯಾಗ ಇಷ್ಟು ವರ್ಷ ತಾಳ ಬಡದೀವಿ, ಒಬ್ಬರಿಗೂ ಇದು ಹೊಳಿಲಿಲ್ಲ. ಇದ ಏನ್ರಿ ನಿಮ್ಮ ಬಯೋ ಅದು?"

"ಅದ ರೀ, ಅದ" ಎಂದ ಅಂಬಾದಾಸ, ನುಂಗಿದ್ದ ಉಸಿರು ಬಿಡುತ್ತ. ಸೀತಾರಾಮನ ನಾಲಿಗೆ ತುದಿಗೆ 'ಇಲ್ರಿ, ಹಂಗಲ್ರಿ' ಎಂಬ ಮಾತು ಬಂದು ತುರಿಸತೊಡಗಿತು. ಆತ ತುಟಿ ಕಚ್ಚಿಕೊಂಡ. ಜೀವನದಲ್ಲಿ ಮೊದಲ ಸಲ ಆತ ಒಂದು ತಪ್ಪನ್ನು ತಿದ್ದದೆ ಬಿಟ್ಟಿದ್ದ.

"ಆದ್ರ ಅಪ್ಪಾ" ಎಂದಳು ಸ್ನೇಹಲತಾ, "ಹಣಮಪ್ಪ ಬ್ರಹ್ಮಚಾರಿ ಅಲ್ಲೇನು? ವಂಶ ಎಲ್ಲಿಂದ ಬಂತು?"

ಹಣಮಂತರಾಯರ ಮುಖ ಇಳಿದುಹೋಯಿತು. ಇಷ್ಟು ವರ್ಷ ಭಜನೆ ಮಾಡಿಯೂ ಬ್ರಹ್ಮಚಾರಿಯ ತಲೆಗೆ ಮಕ್ಕಳನ್ನು ಕಟ್ಟಿದೆನಲ್ಲ ಎಂದು ಎರಡೂ ಕೆನ್ನೆ ಬಡಿದುಕೊಂಡರು. ಆಮೇಲೆ ಸೀತಾರಾಮನ ಕಡೆ ತಿರುಗಿ, "ಏನ್ರಿ ಸರ, ಇದಕ್ಕೇನಂತೀರಿ?" ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದರು.

ಇನ್ನು ಸೀತಾರಾಮನನ್ನು ಹಿಡಿಯುವವರು ಯಾರು? ಅಂಬಾದಾಸ ಹಿಂದಿನಿಂದ ಅಂಗಿ ಜಗ್ಗಿದ. ಜಗ್ಗಿದ್ದು ಆತನಿಗೆ ತಿಳಿಯಲೇ ಇಲ್ಲ.

"ವಂಶ ಅಲ್ರೀ ರಾಯರ. ಮಂಗ್ಯಾ ನಮ್ಮ ಅಜ್ಜ ಅಲ್ಲ. ಹಂಗ ಯಾವ ವಿಜ್ಞಾನಿನೂ ಹೇಳಿಲ್ಲ. ಭಾಳ ಹಿಂದ ಒಬ್ಬ ಮೂಲಪುರುಷ ಇದ್ದ ಅಂತ ತಿಳ್ಕೋರಿ. ಅವನ ಮಕ್ಕಳು ಬ್ಯಾರೆ ಬ್ಯಾರೆ ಆದ್ರು. ಒಂದು ಕಡಿಯವ್ರು ಗಿಡದಾಗ ಉಳದ್ರು, ಒಂದು ಕಡಿಯವ್ರು ಇಳದು ನಡದ್ರು. ಅವರು ಮಂಗ್ಯಾ ಆದ್ರು, ನಾವು ಮನುಷ್ಯಾರಾದಿವಿ. ಮಂಗ್ಯಾ ನಮಗ ಅಜ್ಜ ಅಲ್ರಿ, ದಾಯಾದಿ."

ಅಂಬಾದಾಸ ಕಣ್ಣು ಮುಚ್ಚಿಕೊಂಡ. ಸುಂದರಾಬಾಯಿ ಅಡಿಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿದಳು.

ಹಣಮಂತರಾಯರು ಯೋಚಿಸಿದರು. ಅವರ ಮೀಸೆ ನಿಧಾನವಾಗಿ ಅರಳಿತು. "ಅಂದ್ರ ಹಣಮಪ್ಪ ನಮಗ ಅಣ್ಣ ಆಗಬೇಕು!"

"ಒಂದ ರೀತಿಲೆ ಹಂಗ ರೀ."

"ಬ್ರಹ್ಮಚರ್ಯಕ್ಕೂ ಧಕ್ಕಿ ಇಲ್ಲ, ಬಳಗಾನೂ ಉಳೀತು! ಏನ್ ಬುದ್ಧಿ ರೀ ನಿಮ್ಮದು! ಸ್ನೇಹಾ, ಸಂಬಂಧ ಅಂದ್ರ ಇದವಾ!" ಅವರು ಸೀತಾರಾಮನ ಬೆನ್ನು ಗುದ್ದಿದರು. ಉಪ್ಪಿಟ್ಟು ಬಂತು. ಒಗ್ಗರಣೆ ಸೀದದ್ದನ್ನು ಯಾರೂ ಗಮನಿಸಲಿಲ್ಲ. ಸ್ನೇಹಲತಾ ತಲೆ ತಗ್ಗಿಸಿ ನಗುತ್ತಿದ್ದಳು. ಸೀತಾರಾಮನಿಗೆ ವಿಜ್ಞಾನದ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಎರಡನೆಯ ತುತ್ತು ಬಾಯಿಗಿಟ್ಟ ಹಣಮಂತರಾಯರು ಅಗಿಯುವುದನ್ನು ನಿಲ್ಲಿಸಿದರು. "ಅಲ್ರಿ ಸರ, ಆ ಮೂಲಪುರುಷ ಮನುಷ್ಯಾರಿಗೆಲ್ಲಾ ಒಬ್ಬನ ಏನು?"

"ಒಬ್ಬನ ರೀ. ಯಾವ ದೇಶದವ್ರಿರಲಿ, ಯಾವ ಜಾತಿಯವ್ರಿರಲಿ, ಮೂಲ ಒಂದ." ಸೀತಾರಾಮ ಪಾಠದ ಗುಂಗಿನಲ್ಲಿದ್ದ.

"ನಮಗೂ ನಿಮಗೂ?"

"ಸಂಶಯನ ಇಲ್ರಿ!"

ತಟ್ಟೆ ಟೀಪಾಯಿಯ ಮೇಲೆ ಬಂತು. "ಹಂಗಾರ ನಾವು ನೀವು ಒಂದ ಗೋತ್ರದವ್ರಾದಿವಿ. ನೀವು ನಮ್ಮ ಹುಡುಗಿಗೆ ಅಣ್ಣ ಆಗಬೇಕು. ಅಣ್ಣ ತಂಗಿಗೆ ಲಗ್ನ ಹೆಂಗ ಮಾಡೂದ್ರಿ? ಶಿವ ಶಿವಾ! ಏಳವಾ ಸ್ನೇಹಾ." ರಾಯರು ಎದ್ದು ಚಪ್ಪಲಿ ಹುಡುಕತೊಡಗಿದರು.

ಇಷ್ಟು ವರ್ಷ ಜಾತಿ, ದೇವರು, ಧರ್ಮ ಎಲ್ಲದರ ಹೆಸರಿನಲ್ಲಿ ಸೀತಾರಾಮನ ಪಾಠದ ಮೇಲೆ ಜಗಳ ತೆಗೆದವರಿದ್ದರು. ವಿಕಾಸವಾದವನ್ನು ಪೂರ್ತಿ ನಂಬಿ ಹೆಣ್ಣು ಕೊಡುವುದಿಲ್ಲ ಅಂದವರು ಇವರೊಬ್ಬರೇ. ಅಂಬಾದಾಸ, "ರಾಯರ, ಅದು ಹಳೇ ಮಾತ್ರಿ, ಭಾಳ ವರ್ಷ ಆತು" ಎಂದು ಗೋಗರೆದ. "ಎಷ್ಟ ವರ್ಷ ಆದ್ರೂ ಗೋತ್ರ ಗೋತ್ರನ" ಎಂದರು ರಾಯರು, ಒಂದು ಚಪ್ಪಲಿ ಮೆಟ್ಟಿ.

ಸ್ನೇಹಲತಾ ಕೂತಲ್ಲಿಂದ ಏಳಲಿಲ್ಲ. ಗೋಡೆ ನೋಡುತ್ತ ಹುಬ್ಬು ಗಂಟಿಕ್ಕಿದ್ದಳು.

"ಅಪ್ಪಾ, ಆ ಮೂಲಪುರುಷಗ ಬರೇ ಗಂಡಮಕ್ಕಳ ಇದ್ರೇನು? ಹೆಣ್ಣಮಕ್ಕಳೂ ಇರಬೇಕಲ್ಲ?"

"ಇರಬೇಕು. ಅದಕ್ಕೇನೀಗ?"

"ನಾವು ಮಗನ ಕಡಿಯವ್ರು, ಇವರು ಮಗಳ ಕಡಿಯವ್ರು ಅಂತ ಇಟ್ಕೋ. ಆಗ ಇವರು ನನಗ ಅಣ್ಣ ಹೆಂಗ ಆಗತಾರ?"

ಹಣಮಂತರಾಯರು ಒಂದು ಕಾಲಲ್ಲಿ ಚಪ್ಪಲಿ, ಒಂದು ಬರಿಗಾಲು, ಹಾಗೆಯೇ ನಿಂತು ಲೆಕ್ಕ ಹಾಕಿದರು. "ಸ್ವಾದರತ್ತಿ ಮಗ ಆಗತಾನ!" ಎಂದು ಕೂಗಿದರು. "ಹಂಗಾರ ನಮ್ಮ ಮನಿ ಹೆಣ್ಣು ಕೇಳಾಕ ಇವನಿಗೆ ಹಕ್ಕ ಐತಿ!" ಮರುಕ್ಷಣವೇ ಧ್ವನಿ ತಗ್ಗಿಸಿ ಸೀತಾರಾಮನನ್ನು ಕೇಳಿದರು. "ಇದು ಖರೆ ಏನ್ರಿ? ನಿಮ್ಮ ಶಾಸ್ತ್ರ ಇದಕ್ಕ ಒಪ್ಪತೈತೇನು?"

ಎಲ್ಲರ ಕಣ್ಣೂ ಆತನ ಮೇಲಿದ್ದವು. ಎಲ್ಲರೂ ಎಲ್ಲರ ಕಡೆಯಿಂದಲೂ ಬಂದವರು, ಮಗನ ಕಡೆ ಮಗಳ ಕಡೆ ಎಂದು ಗೆರೆ ಎಳೆಯಲಾಗದು ಎಂದು ಆತನಿಗೆ ಚೆನ್ನಾಗಿ ಗೊತ್ತಿತ್ತು. ಸ್ನೇಹಲತಾಳನ್ನು ನೋಡಿದ. ಆಕೆ, ಈಗ ಕೆಡಿಸಿದರೆ ನೋಡು ಅನ್ನುವ ಹಾಗೆ ಕಣ್ಣಗಲಿಸಿದಳು.

"ಅಲ್ಲ ಅನ್ನಾಕ ಯಾವ ಪುರಾವೆನೂ ಇಲ್ರಿ" ಎಂದ ಸೀತಾರಾಮ.

"ಬಾ ಅಳಿಯಾ!" ಹಣಮಂತರಾಯರು ಆತನನ್ನು ಎಳೆದು ಅಪ್ಪಿಕೊಂಡರು. ಸುಂದರಾಬಾಯಿ ಸಕ್ಕರೆ ಡಬ್ಬಿ ತಂದು ಸಿಕ್ಕವರ ಬಾಯಿಗೆಲ್ಲ ಹಾಕಿದಳು. ಕಿಟಕಿಯಲ್ಲಿ ಇಣುಕುತ್ತಿದ್ದ ಆಟೋದವನಿಗೂ ಹಾಕಿದಳು. ಅಂಬಾದಾಸ ಕಾಲ್ಬೆರಳಿನ ನೋವು ಮರೆತು ಕುಣಿದ.

"ಆದ್ರ ಒಂದ ಮಾತು" ಎಂದರು ರಾಯರು. "ನನಗ ಬಂದ ಸಂಶಯ ಮಂಡಳಿಯವ್ರಿಗೂ ಬರ್ತೈತಿ. ನಾಳೆ ಲಗ್ನದಾಗ ಊಟದ ಪಂಕ್ತಿಗೆ ಕೂತು ಸಗೋತ್ರ ಸಗೋತ್ರ ಅಂತ ಪಿಸುಗುಟ್ಟಬಾರದು. ಇವತ್ತಿನ ಭಜನಿ ಇಲ್ಲೇ ಇಟ್ಕೊಳ್ಳೋಣ. ಈ ಪಟದ ಮುಂದ ನಿಂತು ನೀವ ತಿಳಿಸಿ ಹೇಳ್ರಿ. ಕೂತವರಾಗ ಒಬ್ಬರಿಗೂ ಸಂಶಯ ಉಳಿಲಿಲ್ಲ ಅಂದ ಕೂಡಲೆ ಅಲ್ಲೇ ಪಂಚಾಂಗ ತೆಗೆದು ಮುಹೂರ್ತ ನೋಡತೀನಿ. ಹಣಮಪ್ಪನ ಆಣಿ."

ನಾಲ್ಕು ಗಂಟೆಗೆ ತಾಳ, ತಂಬೂರಿ ಹಿಡಿದು ಮಂಡಳಿಯ ಹಿರಿಯರು ಬಂದು ಹಾಲ್ ತುಂಬ ಕೂತರು. ಪಟಕ್ಕೆ ಆರತಿಯಾಯಿತು. ಆರತಿಯಲ್ಲಿ ವಾನರನಿಗೂ ಮನುಷ್ಯನಿಗೂ ಪಾಲು ಸಿಕ್ಕಿತು. ಸುಂದರಾಬಾಯಿ ಚುರುಮುರಿ ಹಂಚುತ್ತ, ಈ ಗೋಡೆ ತನ್ನದು ಎಂದು ಹೊಸಬರಿಗೆಲ್ಲ ಹೇಳಿದಳು. ಸೀತಾರಾಮ ಎದ್ದು ನಿಂತು ಅಂಜುತ್ತಲೇ ಶುರುಮಾಡಿದ. ಆದರೆ ಹತ್ತು ಮಾತಾಡುವಷ್ಟರಲ್ಲಿ ಅಂಜಿಕೆ ಹೋಯಿತು. ಕಾಲೇಜಿನಲ್ಲಿ ಆತನ ಪಾಠಕ್ಕೆ ಹಿಂದಿನ ಬೆಂಚು ಮಲಗಿರುತ್ತಿತ್ತು. ಇಲ್ಲಿ ಗೋಡೆಗೆ ಒರಗಿದ ಮುದುಕರೂ ಕುತ್ತಿಗೆ ಮುಂದೆ ಚಾಚಿ ಕೇಳುತ್ತಿದ್ದರು.

"ಮಂಗ್ಯಾ ನಮ್ಮ ಅಣ್ಣತಮ್ಮ ಅಂದ್ರ ಮಾಳಗಿ ಮ್ಯಾಲಿನ ಹಪ್ಪಳ ಯಾಕ ಕದೀತೈತ್ರಿ?" ಎಂದು ಒಬ್ಬರು ಕೇಳಿದರು.

"ದಾಯಾದಿ ಅಂದ ಮ್ಯಾಲ ಪಾಲು ಕೇಳೂದಿಲ್ಲೇನು?" ಎಂದು ಪಕ್ಕದವರೇ ಉತ್ತರ ಕೊಟ್ಟರು.

"ಹಂಗಾರ ಸೊಳ್ಳಿನೂ ನಮ್ಮ ಬಳಗ ಏನ್ರಿ?"

"ಹೌದ್ರಿ. ಭಾಳ ದೂರದ ಬಳಗ."

"ದೂರದ್ದಿದ್ರೂ ದಿನಾ ರಾತ್ರಿ ಬರ್ತೈತಲ್ರಿ!"

ನಗು ಇಳಿದ ಮೇಲೆ ತಂಬೂರಿ ಹಿಡಿದ ವೃದ್ಧರೊಬ್ಬರು ಮೆಲ್ಲಗೆ ಕೇಳಿದರು. "ತಮ್ಮಾ, ಎಲ್ಲಾ ತಾನ ಆತು ಅಂತಿ. ಹಂಗಾರ ದೇವರು ಏನ ಮಾಡಾಕತ್ತಿದ್ದ?"

ಸೀತಾರಾಮ ಆ ಮುದುಕರ ಮುಖ ನೋಡಿದ. ಅದರಲ್ಲಿ ಜಗಳವಿರಲಿಲ್ಲ, ಕೇಳುವ ಆಸೆ ಮಾತ್ರ ಇತ್ತು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ನನಗ ಗೊತ್ತಿಲ್ರಿ ಅಜ್ಜಾರ. ಹೆಂಗ ಆತು ಅನ್ನೂದು ಸ್ವಲ್ಪ ಗೊತ್ತೈತಿ. ಯಾರು ಮಾಡಿದ್ರು ಅನ್ನೂದು ನನ್ನ ಪಾಠದಾಗ ಬರೂದಿಲ್ರಿ."

ಅಂಬಾದಾಸನ ಕೈಯಿಂದ ಚುರುಮುರಿ ಉದುರಿತು. ಆದರೆ ಹಣಮಂತರಾಯರು ತಾಳ ಒಂದು ಸಲ ಝಣ್ ಎನಿಸಿದರು. "ಅದು ನಮ್ಮ ಪಾಠದಾಗ ಬರ್ತೈತಿ. ಅವರದು ಅವರು ಹೇಳ್ಲಿ, ನಮ್ಮದು ನಾವು ಹಾಡೋಣ. ಒಂದ ಮನ್ಯಾಗ ಎರಡೂ ಹಿಡಸ್ತಾವ." ವೃದ್ಧರು ತಲೆಯಾಡಿಸಿದರು. ಸೀತಾರಾಮನಿಗೆ ಇಷ್ಟು ಸುಲಭವಿತ್ತೇ ಇದು, ಸುಮ್ಮನೆ ಹೆದರಿ ಸತ್ತೆನಲ್ಲ ಅನ್ನಿಸಿತು.

ಮಗನ ಕಡೆ, ಮಗಳ ಕಡೆ, ಸೋದರತ್ತೆ ಎಲ್ಲವೂ ಎಲ್ಲರಿಗೂ ತಿಳಿಯಿತು. "ಮತ್ತ ಯಾರಿಗರ ಸಂಶಯ ಐತೇನ್ರೆಪಾ?" ಎಂದು ಹಣಮಂತರಾಯರು ಕೇಳಿದರು. ಒಬ್ಬರೂ ಮಾತಾಡಲಿಲ್ಲ. ರಾಯರು ಚೀಲದಿಂದ ಪಂಚಾಂಗ ತೆಗೆದರು. ಕನ್ನಡಕ ಏರಿಸಿದರು. ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿದರು. ಸೀತಾರಾಮ ಕಣ್ಣು ಮುಚ್ಚಿಕೊಂಡ. ಅವನಿಗೆ ಆಗಲೇ ವಾಲಗ ಕೇಳಿಸತೊಡಗಿತ್ತು.

"ನನಗ ಐತಿ" ಎಂದಿತು ಒಂದು ಧ್ವನಿ.

ಕಣ್ಣು ಬಿಟ್ಟ. ಸುಂದರಾಬಾಯಿಯ ಪಕ್ಕದಲ್ಲಿ ಕೂತ ಸ್ನೇಹಲತಾ ಕೈ ಎತ್ತಿದ್ದಳು.

"ನಿನಗೇನವಾ ಸಂಶಯ?" ಎಂದರು ಹಣಮಂತರಾಯರು.

"ಒಂದಲ್ಲಪ್ಪಾ, ಭಾಳ ಅದಾವ. ಇವತ್ತಿಗೆ ಮುಗಿಯೂವಲ್ಲ."

"ನೀವ..." ಸೀತಾರಾಮನಿಗೆ ಅಳು ಬರುವುದೊಂದು ಬಾಕಿ. "ನೀವ ಅಲ್ಲೇನ್ರಿ ಮುಂಜಾನೆ ಎಲ್ಲಾ ಸರಿಮಾಡಿದಾಕಿ?"

"ಹೌದ್ರಿ. ಲಗ್ನ ನಿಮ್ಮ ಕೂಡನ ಆಗಾಕಿ, ಅದಕ್ಕ ಚಿಂತಿ ಮಾಡಬ್ಯಾಡ್ರಿ." ಆಕೆಯ ಮುಖ ಕೆಂಪಾಯಿತು, ಆದರೂ ಕೈ ಇಳಿಸಲಿಲ್ಲ. "ಆದ್ರ ಲಗ್ನ ಆದ ಮ್ಯಾಲ ಯಾವ ಗಂಡ ಹೆಂಡತಿ ಕೇಳಿದ್ದಕ್ಕ ಹಿಂಗ ನಿಂತು, ಇಷ್ಟು ಸಮಾಧಾನದಿಂದ ಉತ್ತರ ಹೇಳತಾನ್ರಿ? ಎಲ್ಲಾ ಈಗ ಕೇಳಿ ಮುಗಸ್ತೀನಿ."

ಮಂಡಳಿಯ ಹಿರಿಯರ ಹೆಂಡಂದಿರು ಅಲ್ಲಿದ್ದಿದ್ದರೆ ಚಪ್ಪಾಳೆ ಹೊಡೆಯುತ್ತಿದ್ದರು. ಅವರ ಪರವಾಗಿ ಸುಂದರಾಬಾಯಿಯೇ ಹೊಡೆದಳು. ಹಣಮಂತರಾಯರು ನಿಟ್ಟುಸಿರು ಬಿಟ್ಟು, ಹಣಮಪ್ಪನ ಆಣೆ ಹಾಕಿದ ಮೇಲೆ ಮಾಡುವುದೇನಿದೆ ಎಂದು ಪಂಚಾಂಗ ಮಡಿಚಿ ಚೀಲಕ್ಕೆ ಹಾ​ಕಿದರು.

"ಕೇಳವಾ" ಎಂದರು.

ಸೀತಾರಾಮ ಮತ್ತೆ ಗೋಡೆಯ ಮುಂದೆ ಹೋಗಿ ನಿಂತ.